ಪಗನೀನಿಯ 24 ಕ್ಯಾಪ್ರೀಸ್‌ಗಳನ್ನು ಕೇಳುವ ಬಗೆ: ಒಂಟಿ ಪಿಟೀಲಿನಿಂದ ರಾಖ್ಮಾನಿನಾಫ್‌ವರೆಗೆ

ಇಟಲಿಯ ಜಿನೋವಾದಲ್ಲಿ 1782ರಲ್ಲಿ ಹುಟ್ಟಿದ ನಿಕೊಲೊ ಪಗನೀನಿಯವರ 24 ಕ್ಯಾಪ್ರೀಸ್‌ಗಳು ಪಕ್ಕವಾದ್ಯದ ಆಸರೆಯಿಲ್ಲದೆ ಒಂದೇ ಪಿಟೀಲಿಗೆಂದು ಬರೆದ ಬಿಡಿ ರಚನೆಗಳು. 1820ರಲ್ಲಿ ಮಿಲಾನಿನ ರಿಕೋರ್ಡಿ ಪ್ರಕಾಶನವು ಇವನ್ನು ಅಚ್ಚು ಮಾಡಿದಾಗ ಅರ್ಪಣೆಯ ಸಾಲಿನಲ್ಲಿ ಯಾವ ದೊರೆಯ ಹೆಸರೂ ಇರಲಿಲ್ಲ, ಯಾವ ಸಿರಿವಂತನ ಹೆಸರೂ ಇರಲಿಲ್ಲ. ‘ಕಲಾವಿದರಿಗೆ’ ಎಂದಷ್ಟೇ ಇತ್ತು. ಆ ಕಲಾವಿದರಲ್ಲಿ ಈ ಕೃತಿಗಳನ್ನು ಹಿಡಿದು ಬಹಳ ದೂರ ಹೋದವರು ಪಿಯಾನೊದ ಮುಂದೆ ಕುಳಿತು ಬರೆಯುತ್ತಿದ್ದ ರಚನಕಾರರು ಎಂಬುದು ಇವುಗಳ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವ ಸಂಗತಿ. ಶೂಮನ್, ಲಿಸ್ಟ್, ಬ್ರಾಮ್ಸ್, ರಾಖ್ಮಾನಿನಾಫ್, ಲುಟೊಸ್ಲಾವ್ಸ್ಕಿ ಮೊದಲಾದವರು ನೂರು ವರ್ಷಕ್ಕೂ ಮಿಕ್ಕಿದ ಅವಧಿಯಲ್ಲಿ ಮತ್ತೆ ಮತ್ತೆ ಇದೇ ಪುಸ್ತಕಕ್ಕೆ ಮರಳಿದರು. ಬೆರಳಿನ ವೇಗ ಹುಟ್ಟಿಸುವ ಬೆರಗು ಒಂದು ತಲೆಮಾರಿನೊಳಗೆ ತೀರಿಹೋಗುತ್ತದೆ. ಇಲ್ಲಿ ಅದು ತೀರಲಿಲ್ಲವೆಂದರೆ ಪುಸ್ತಕದೊಳಗೆ ವೇಗವನ್ನು ಮೀರಿದ ಏನೋ ಇದೆ ಎಂದೇ ಅರ್ಥ. ಅದೇನೆಂಬುದನ್ನು ನಿಮ್ಮ ಕಿವಿಯಿಂದಲೇ ಕಂಡುಕೊಳ್ಳಲು ನೆರವಾಗಲೆಂದು ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ. ಪಾಶ್ಚಾತ್ಯ ಸಂಗೀತದ ಪರಿಚಯ ಅಷ್ಟಾಗಿ ಇಲ್ಲದಿದ್ದರೂ ಗಮನವಿಟ್ಟು ಕೇಳುವ ಅಭ್ಯಾಸವಿದ್ದರೆ ಸಾಕು.

ಮೊದಲ ಹೆಜ್ಜೆ: ಧ್ವನಿಮುದ್ರಿಕೆ ಮತ್ತು ಸ್ವರಲಿಪಿಯನ್ನು ಹೊಂದಿಸಿಕೊಳ್ಳಿ

24 ಕ್ಯಾಪ್ರೀಸ್‌ಗಳನ್ನೂ ಮೂಲರೂಪದಲ್ಲಿ, ಅಂದರೆ ಪಿಟೀಲೊಂದರಲ್ಲೇ, ಮೊದಲ ಬಾರಿಗೆ ಪೂರ್ಣವಾಗಿ ಧ್ವನಿಮುದ್ರಿಸಿದವರು ರುಜೀರೊ ರಿಚಿ, ಅದು 1947ರಲ್ಲಿ. ಆಮೇಲೆ ಬಂದವುಗಳಲ್ಲಿ ಮೈಕೇಲ್ ರೇಬಿನ್ 1958ರಲ್ಲಿ ಮತ್ತು ಇಟ್ಜಾಕ್ ಪರ್ಲ್ಮನ್ 1972ರಲ್ಲಿ ಮಾಡಿದ ಮುದ್ರಿಕೆಗಳು ಇಂದಿಗೂ ಅಳತೆಗೋಲಿನಂತಿವೆ. ಇತ್ತೀಚಿನವರಲ್ಲಿ ಯೂಲಿಯಾ ಫಿಶರ್ ಮತ್ತು ಆಗಸ್ಟಿನ್ ಹಾಡೆಲಿಖ್ ಇಬ್ಬರೂ ಇವನ್ನು ಸಂಗೀತವಾಗಿ ನುಡಿಸುತ್ತಾರೆ, ಸಾಹಸವಾಗಿ ಅಲ್ಲ. ಇವುಗಳಲ್ಲಿ ಒಂದನ್ನು ಆರಿಸಿಕೊಂಡು ಮೊದಲ ಕೆಲವು ವಾರ ಅದಕ್ಕೇ ಅಂಟಿಕೊಂಡಿರುವುದು ಲೇಸು. ದೃಶ್ಯ ಮುದ್ರಿಕೆಗಳನ್ನು ಸದ್ಯಕ್ಕೆ ನೋಡಬೇಡಿ. ಬೆರಳುಗಳ ಓಟ ಕಣ್ಣನ್ನು ಸೆಳೆದ ಕೂಡಲೇ ಕಿವಿಯ ಗಮನ ಕುಗ್ಗುತ್ತದೆ.

ಮುದ್ರಿಕೆಯನ್ನು ಆರಿಸುವಾಗ ಅದರಲ್ಲಿ ಪಿಯಾನೊ ಇಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಿ. 19ನೆಯ ಶತಮಾನದಲ್ಲಿ ಫರ್ಡಿನಂಡ್ ಡೇವಿಡ್ ಈ ಕೃತಿಗಳಿಗೆ ಪಿಯಾನೊ ಪಕ್ಕವಾದ್ಯವನ್ನು ಬರೆದರು. ರಾಬರ್ಟ್ ಶೂಮನ್ ಕೂಡ ತಮ್ಮ ಬಾಳಿನ ಕೊನೆಯ ವರ್ಷಗಳಲ್ಲಿ ಅದೇ ಕೆಲಸಕ್ಕೆ ಕೈಹಾಕಿದರು. ಒಂಟಿ ಪಿಟೀಲಿನಲ್ಲಿ ಏನೋ ಕೊರತೆಯಿದೆ ಎಂಬ ಆ ಕಾಲದ ಭಾವನೆ ಇದರ ಹಿಂದಿತ್ತು. ಕೊರತೆ ನಿಜಕ್ಕೂ ಇದೆಯೇ ಎಂಬುದನ್ನು ನೀವೇ ತೀರ್ಮಾನಿಸಬೇಕಾದರೆ ಮೊದಲು ಮೂಲವನ್ನೇ ಕೇಳಬೇಕು.

ಸ್ವರಲಿಪಿಯು ಅಂತರಜಾಲದ ಐಎಂಎಸ್‌ಎಲ್‌ಪಿ ಗ್ರಂಥಾಲಯದಲ್ಲಿ ಉಚಿತವಾಗಿ ಸಿಗುತ್ತದೆ. ಅದನ್ನು ಓದಲು ಬಾರದಿದ್ದರೂ ಎದುರಿಗೆ ತೆರೆದಿಟ್ಟುಕೊಳ್ಳಿ. ಸ್ವರಗಳು ಎಲ್ಲಿ ಏರುತ್ತವೆ, ಎಲ್ಲಿ ಒಂದರ ಮೇಲೊಂದು ಪೇರಿಸಿದಂತೆ ನಿಲ್ಲುತ್ತವೆ, ಎಷ್ಟು ಸ್ವರಗಳು ಒಂದೇ ಕಮಾನಿನ ಬಳುಕುಗೆರೆಯೊಳಗೆ ಸೇರಿವೆ ಎಂಬುದು ಆಕಾರದಿಂದಲೇ ತಿಳಿಯುತ್ತದೆ.

ಕರ್ನಾಟಕ ಸಂಗೀತದ ಪಿಟೀಲನ್ನು ಕೇಳಿ ಬೆಳೆದವರು ಒಂದು ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ದಾರಿ ಸುಲಭವಾಗುತ್ತದೆ. ನಮ್ಮಲ್ಲಿ ನಾಲ್ಕು ತಂತಿಗಳನ್ನು ಷಡ್ಜ, ಪಂಚಮ, ಷಡ್ಜ, ಪಂಚಮ ಎಂದು ಶ್ರುತಿ ಮಾಡುತ್ತಾರೆ. ಪಾಶ್ಚಾತ್ಯ ಪದ್ಧತಿಯಲ್ಲಿ ಜಿ, ಡಿ, ಎ, ಇ ಎಂಬ ನಾಲ್ಕು ತಂತಿಗಳ ನಡುವೆಯೂ ಷಡ್ಜ–ಪಂಚಮದ ಅಂತರವೇ ಇರುತ್ತದೆ. ನಮ್ಮ ವಾದಕರ ಎಡಗೈ ಗಮಕಕ್ಕಾಗಿ ತಂತಿಯ ಮೇಲೆ ಜಾರುತ್ತದೆ. ಪಗನೀನಿಯ ಎಡಗೈಯ ಮುಖ್ಯ ಚಿಂತೆ ಎರಡು, ಮೂರು ತಂತಿಗಳಲ್ಲಿ ಬೇರೆ ಬೇರೆ ಸ್ವರಗಳನ್ನು ಒಮ್ಮೆಗೇ ಹಿಡಿಯುವುದು. ಇಲ್ಲಿ ಸ್ವರದೊಳಗಿನ ಚಲನೆಯನ್ನು ಹುಡುಕಿದರೆ ನಿರಾಶೆಯಾದೀತು. ಸ್ವರಗಳು ಒಟ್ಟಿಗೆ ನಿಂತಾಗ ಹುಟ್ಟುವ ಹಾರ್ಮನಿಯ ಕಡೆಗೆ ಕಿವಿಯನ್ನು ತಿರುಗಿಸಬೇಕು.

ಎರಡನೆಯ ಹೆಜ್ಜೆ: ಆರು, ಒಂಬತ್ತು, ಇಪ್ಪತ್ತರಿಂದ ಆರಂಭಿಸಿ

ಎಲ್ಲರೂ ಬಲ್ಲ 24ನೆಯ ಕ್ಯಾಪ್ರೀಸಿನಿಂದ ಆರಂಭಿಸಬೇಡಿ. 24ನ್ನೂ ಒಂದೇ ಕೂತಿನಲ್ಲಿ ಕೇಳಲೂ ಬೇಡಿ. ಒಟ್ಟು ಸುಮಾರು ಒಂದೂಕಾಲು ಗಂಟೆಯ ಈ ಸಂಗೀತವು ಹಾಗೆ ಕೇಳುವುದಕ್ಕೆಂದು ಬರೆದದ್ದಲ್ಲ. ಹಸ್ತಪ್ರತಿಯಲ್ಲಿ ಇವು ಆರು, ಆರು ಮತ್ತು ಹನ್ನೆರಡರ ಮೂರು ಗುಂಪುಗಳಾಗಿವೆ. ದಿನಕ್ಕೆ ಒಂದನ್ನು ಎರಡು ಮೂರು ಸಲ ಕೇಳುವುದು ಹಿತವಾದ ಪ್ರಮಾಣ.

ನನ್ನ ಆಯ್ಕೆ ಆರನೆಯದರಿಂದ ಆರಂಭವಾಗುತ್ತದೆ. ಜಿ ಮೈನರಿನ (ಜಿ ಆಧಾರ ಸ್ವರವಾಗಿ, ಸಾಧಾರಣ ಗಾಂಧಾರ ಇರುವ ಶ್ರೇಣಿಯ) ಈ ರಚನೆಯಲ್ಲಿ ವೇಗದ ಪ್ರದರ್ಶನವಿಲ್ಲ, ಗತಿ ವಿಳಂಬ. ಒಂದು ತಂತಿಯಲ್ಲಿ ಎಡಗೈಯ ಬೆರಳುಗಳು ಎರಡು ಸ್ವರಗಳ ನಡುವೆ ಬಿಡುವಿಲ್ಲದೆ ಕಂಪಿಸುತ್ತಿರುವಾಗ ಪಕ್ಕದ ತಂತಿಯಲ್ಲಿ ದುಃಖದ ಧಾಟಿಯೊಂದು ನಿಧಾನವಾಗಿ ಸಾಗುತ್ತದೆ, ಕಮಾನು ಎರಡನ್ನೂ ಒಂದೇ ನೀಳವಾದ ಎಳೆತದಲ್ಲಿ ಹೊತ್ತುಕೊಂಡು ಹೋಗುತ್ತದೆ. ಮೊದಲ ಸಲ ಕೇಳುವಾಗ ಕಂಪನವನ್ನು ಮರೆತು ಧಾಟಿಯನ್ನು ಮಾತ್ರ ಹಿಂಬಾಲಿಸಿ. ಎರಡನೆಯ ಸಲ ಕಂಪನವನ್ನು ಮಾತ್ರ ಕೇಳಿ, ಅದು ಸ್ವರ ಬದಲಿಸಿದಾಗಲೆಲ್ಲ ಧಾಟಿಯ ಬಣ್ಣ ಬದಲಾಗುವುದು ತಿಳಿಯುತ್ತದೆ. ಮೂರನೆಯ ಸಲ ಎರಡನ್ನೂ ಒಟ್ಟಿಗೆ ಕೇಳಿ. ಒಬ್ಬನೇ ವಾದಕ ಒಂದು ದನಿಯನ್ನೂ ಅದರ ಪಕ್ಕವಾದ್ಯವನ್ನೂ ಹೇಗೆ ಕೊಡಬಲ್ಲ ಎಂಬ ಪ್ರಶ್ನೆ ಇಲ್ಲಿ ಅತ್ಯಂತ ಸ್ಪಷ್ಟವಾಗಿ ಕೇಳಿಸುತ್ತದೆ. ಆಮೇಲಿನ ರಚನಕಾರರನ್ನು ಹಿಡಿದು ನಿಲ್ಲಿಸಿದ್ದು ಈ ಪ್ರಶ್ನೆಯೇ ಎಂದು ನಾನು ನಂಬಿದ್ದೇನೆ.

ಒಂಬತ್ತನೆಯದಕ್ಕೆ ‘ಬೇಟೆ’ ಎಂಬ ಹೆಸರು ಬಳಕೆಯಲ್ಲಿದೆ. ಆರಂಭದ ಸಾಲಿಗೆ ಕೊಳಲನ್ನು ಅನುಕರಿಸಬೇಕೆಂದೂ ಅದಕ್ಕೆ ಉತ್ತರವಾಗಿ ಮಂದ್ರದ ಎರಡು ತಂತಿಗಳಲ್ಲಿ ಬರುವ ಸಾಲಿಗೆ ಬೇಟೆಯ ಕೊಂಬನ್ನು ಅನುಕರಿಸಬೇಕೆಂದೂ ಪಗನೀನಿ ಸೂಚಿಸಿದ್ದಾರೆ. ಕೊಳಲಿನ ಸಾಲನ್ನು ನುಡಿಸುವಾಗ ಕಮಾನು ಪಿಟೀಲಿನ ಕುದುರೆಯಿಂದ, ಅಂದರೆ ತಂತಿಗಳನ್ನು ಹೊತ್ತ ಸೇತುವೆಯಿಂದ, ದೂರ ಸರಿದು ಬೆರಳುಹಲಗೆಯ ಮೇಲೆ ಓಡಾಡುತ್ತದೆ, ಆಗ ನಾದದ ಹರಿತ ಕಡಿಮೆಯಾಗಿ ಮೃದುತ್ವ ಬರುತ್ತದೆ. ಒಂದು ವಾದ್ಯದೊಳಗೆ ಎರಡು ವಾದ್ಯಗಳ ಸಂಭಾಷಣೆಯಿದು.

ಇಪ್ಪತ್ತನೆಯದರ ಆರಂಭದಲ್ಲಿ ಬಿಡಿ ಡಿ ತಂತಿ ಸತತವಾಗಿ ನುಡಿಯುತ್ತಿರುತ್ತದೆ, ಅದರ ಮೇಲೆ ರಾಗ ಹರಿಯುತ್ತದೆ. ಯುರೋಪಿನ ಹಳ್ಳಿಗಳ ತಿತ್ತಿವಾದ್ಯದ ನೆನಪು ಅಲ್ಲಿರುವುದು. ತಂಬೂರಿಯ ಶ್ರುತಿಗೆ ಒಗ್ಗಿದ ನಮ್ಮ ಕಿವಿಗೆ ಇಡೀ ಪುಸ್ತಕದಲ್ಲಿ ತಟ್ಟನೆ ಹತ್ತಿರವಾಗುವ ಪುಟವೂ ಅದೇ.

ಇವುಗಳ ನಂತರ 1, 5 ಮತ್ತು 13ನ್ನು ಕೇಳಿ. ಒಂದನೆಯದರಲ್ಲಿ ಕಮಾನು ನಾಲ್ಕೂ ತಂತಿಗಳ ಮೇಲೆ ಪುಟಿಯುತ್ತಾ ಅಡ್ಡಹಾಯುತ್ತದೆ. ಐದನೆಯದರ ಮಧ್ಯಭಾಗಕ್ಕೆ ಪಗನೀನಿ ಕೊಟ್ಟ ಕಮಾನಿನ ಕ್ರಮ, ಅಂದರೆ ಕೆಳಗೆಳೆಯುವಾಗ ಪುಟಿಸಿ ಮೂರು ಸ್ವರ, ಮೇಲೆ ತಳ್ಳುವಾಗ ಒಂದು ಸ್ವರ ಎಂಬುದು, ಇಂದಿಗೂ ಅನೇಕ ವಾದಕರು ಬಿಟ್ಟುಬಿಟ್ಟು ಸರಳ ಕ್ರಮವನ್ನು ಹಿಡಿಯುವಷ್ಟು ಕಷ್ಟದ್ದು. 13ನೆಯದಕ್ಕೆ ‘ಸೈತಾನನ ನಗು’ ಎಂಬ ಅಡ್ಡಹೆಸರು ಅಂಟಿಕೊಂಡಿದೆ, ಅದು ಪಗನೀನಿ ಇಟ್ಟ ಹೆಸರಲ್ಲ. ಅವರು ಸೈತಾನನಿಗೆ ಆತ್ಮವನ್ನು ಮಾರಿಕೊಂಡಿದ್ದರೆಂಬ ಕಥೆಗಳನ್ನೆಲ್ಲ ಪಕ್ಕಕ್ಕಿಟ್ಟು ಕೇಳಿದರೆ, ಜೋಡಿ ಸ್ವರಗಳು ಅರ್ಧರ್ಧ ಸ್ವರದ ಅಂತರದಲ್ಲಿ ಕೆಳಗಿಳಿಯುವ ಅದರ ಸಾಲಿನಲ್ಲಿ ಹಾರ್ಮನಿಯ ಧೈರ್ಯವೇ ಎದ್ದು ಕಾಣುತ್ತದೆ.

ಇದೆಲ್ಲವೂ ಶೂನ್ಯದಿಂದ ಬಂದದ್ದಲ್ಲ. ಬಾಖ್ ಅವರ ಒಂಟಿ ಪಿಟೀಲಿನ ಸೊನಾಟ ಮತ್ತು ಪಾರ್ಟಿಟಾ ಎಂಬ, ಸಾಮಾನ್ಯವಾಗಿ ಹಲವು ಭಾಗಗಳಿರುವ ರಚನೆಗಳ ಹಸ್ತಪ್ರತಿ 1720ರದು. ಪಿಯೆತ್ರೊ ಲೊಕತೆಲ್ಲಿ 1733ರಲ್ಲಿ ಆಂಸ್ಟರ್‌ಡ್ಯಾಮಿನಲ್ಲಿ ಪ್ರಕಟಿಸಿದ 12 ಪಿಟೀಲು ಕಂಚೆರ್ಟೊಗಳೊಳಗೆ (ಕಂಚೆರ್ಟೊ ಎಂದರೆ ಮುಖ್ಯ ವಾದ್ಯವೊಂದು ವಾದ್ಯವೃಂದದೊಡನೆ ನುಡಿಸುವ ಕೃತಿ) ಒಟ್ಟು 24 ಒಂಟಿ ಕ್ಯಾಪ್ರೀಸ್‌ಗಳಿವೆ. 24 ಎಂಬ ಸಂಖ್ಯೆಗೆ ಹಿಂದಿನ ಮಾದರಿ ಇತ್ತೆಂಬುದನ್ನು ತಿಳಿದಿರುವುದು ಒಳ್ಳೆಯದು.

ಮೂರನೆಯ ಹೆಜ್ಜೆ: 24ನೆಯದರ ಮೂಲಧಾಟಿಯನ್ನು ಬಾಯಿಪಾಠ ಮಾಡಿ

ಎ ಮೈನರಿನ ಈ ಕೊನೆಯ ಕ್ಯಾಪ್ರೀಸಿನಲ್ಲಿ ಒಂದು ಮೂಲಧಾಟಿ, ಅದರ 11 ರೂಪಾಂತರಗಳು ಮತ್ತು ಒಂದು ಮುಕ್ತಾಯ ಭಾಗ ಇವೆ. ಮುಂದೆ ಕೇಳಲಿರುವ ಹೆಚ್ಚಿನ ಕೃತಿಗಳು ಈ ಮೂಲಧಾಟಿಯ ಮೇಲೆಯೇ ನಿಂತಿರುವುದರಿಂದ ಅದು ನಾಲಿಗೆಯ ತುದಿಯಲ್ಲಿರಬೇಕು. ಧಾಟಿ ತೀರ ಚಿಕ್ಕದು: ಎರಡೆಣಿಕೆಯ ತಾಳದಲ್ಲಿ ಮೊದಲು 4 ಆವರ್ತಗಳ ಒಂದು ತುಣುಕು, ಅದರ ಪುನರಾವರ್ತನೆ, ನಂತರ 8 ಆವರ್ತಗಳ ಇನ್ನೊಂದು ತುಣುಕು. ಮೊದಲ ತುಣುಕಿನ ಬೀಜವೆಂದರೆ ಆಧಾರ ಸ್ವರದಿಂದ ಸಾಧಾರಣ ಗಾಂಧಾರಕ್ಕೆ ಹಾರಿ, ರಿಷಭದ ಮೂಲಕ ಮತ್ತೆ ಷಡ್ಜಕ್ಕಿಳಿದು, ಅಲ್ಲಿಂದ ಪಂಚಮಕ್ಕೆ ಹೋಗುವ ‘ಸಗರಿಸ, ಪ’ ಎಂಬ ಪುಟ್ಟ ನಡಿಗೆ. ಎರಡನೆಯ ತುಣುಕು ಮಧ್ಯಮ ಸ್ವರದ ಹಾರ್ಮನಿಯ ಕಡೆಗೆ ಹೊರಳಿ ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಮನೆಗೆ ಮರಳುತ್ತದೆ.

ಈ ಧಾಟಿಯನ್ನು ಹಾಡಿಕೊಳ್ಳುವಾಗ ಅದರ ಕೆಳಗೆ ಒಂದು ಆಧಾರದ ಸಾಲನ್ನೂ ಊಹಿಸಿಕೊಳ್ಳಿ: ಮೊದಲ ಭಾಗದಲ್ಲಿ ಷಡ್ಜ ಒಂದು ಆವರ್ತ, ಪಂಚಮ ಒಂದು ಆವರ್ತ, ಮತ್ತೆ ಷಡ್ಜ, ಮತ್ತೆ ಪಂಚಮ. ಇಷ್ಟು ಬರಿಯ ಅಸ್ಥಿಪಂಜರವನ್ನು ಬಿಟ್ಟುಹೋದದ್ದೇ ಪಗನೀನಿಯವರ ದೊಡ್ಡ ಉಪಕಾರ. ಅಲಂಕಾರ ತುಂಬಿದ ಧಾಟಿಯೊಂದನ್ನು ಕೊಟ್ಟಿದ್ದರೆ ಬೇರೆಯವರಿಗೆ ಅದರ ಮೇಲೆ ಕಟ್ಟಲು ಜಾಗವೇ ಉಳಿಯುತ್ತಿರಲಿಲ್ಲ.

ಬಳಿಕ 11 ರೂಪಾಂತರಗಳನ್ನು ಎಣಿಸುತ್ತಾ ಕೇಳಿ. ಮೂರನೆಯದರಲ್ಲಿ ಒಂದೇ ಸ್ವರ ಎರಡು ಸ್ಥಾಯಿಗಳಲ್ಲಿ ಒಟ್ಟಿಗೆ ಕೇಳಿಸುತ್ತದೆ. ಆರನೆಯದು ಜೋಡಿ ಸ್ವರಗಳ ಓಟ. ಒಂಬತ್ತನೆಯದನ್ನು ತಪ್ಪದೆ ಗುರುತಿಸಬಹುದು: ಕಮಾನಿನ ಸ್ವರಗಳ ನಡುನಡುವೆ ಎಡಗೈಯ ಬೆರಳುಗಳೇ ತಂತಿಯನ್ನು ಮೀಟುತ್ತವೆ. ಕೊನೆಯಲ್ಲಿ ಎ ಮೈನರ್ ಎ ಮೇಜರ್ ಆಗಿ, ಅಂದರೆ ಸಾಧಾರಣ ಗಾಂಧಾರ ಅಂತರ ಗಾಂಧಾರವಾಗಿ, ತೆರೆದುಕೊಳ್ಳುತ್ತದೆ. ಎಣಿಕೆ ಎಲ್ಲಿಯೂ ತಪ್ಪದಂತೆ ಕೇಳಲು ಬಂದಮೇಲೆ ಮಾತ್ರ ಮುಂದಿನ ಹೆಜ್ಜೆಗೆ ಹೋಗಿ.

ನಾಲ್ಕನೆಯ ಹೆಜ್ಜೆ: ಜೋಡಿಗಳಾಗಿ ಕೇಳಿ

1829ರಲ್ಲಿ ವಾರ್ಸಾದಲ್ಲಿ ಪಗನೀನಿಯವರ ವಾದನವನ್ನು ಪೋಲೆಂಡಿನ ರಚನಕಾರ ಶೋಪನ್ ಕೇಳಿದರು. ಅದೇ ವರ್ಷ ತಮ್ಮ ಪಿಯಾನೊ ಎಟ್ಯೂಡ್‌ಗಳನ್ನು (ಸಾಧನೆಯ ಕಿರುರಚನೆಗಳನ್ನು) ಬರೆಯತೊಡಗಿದರು. 1830ರ ವಸಂತದಲ್ಲಿ, ಕಾನೂನು ಓದುತ್ತಿದ್ದ 19 ವರ್ಷದ ಶೂಮನ್ ಫ್ರಾಂಕ್‌ಫರ್ಟಿನಲ್ಲಿ ಕೇಳಿದರು. ಕೆಲವೇ ತಿಂಗಳಲ್ಲಿ ಕಾನೂನನ್ನು ಬಿಟ್ಟು ಸಂಗೀತವನ್ನು ಹಿಡಿದರು. 1832ರಲ್ಲಿ ಪ್ಯಾರಿಸ್ಸಿನಲ್ಲಿ ಕೇಳಿದ ಇಪ್ಪತ್ತರ ಹರೆಯದ ಲಿಸ್ಟ್, ದಿನಕ್ಕೆ ನಾಲ್ಕೈದು ಗಂಟೆ ಬೆರಳಿನ ಸಾಧನೆ ಮಾಡುತ್ತಿರುವುದಾಗಿ ಗೆಳೆಯರಿಗೆ ಪತ್ರ ಬರೆದರು.

ಶೂಮನ್ 1832ರಲ್ಲಿ ತಮ್ಮ 3ನೆಯ ಕೃತಿಯಾಗಿ ಆರು ಕ್ಯಾಪ್ರೀಸ್‌ಗಳನ್ನೂ ಮರುವರ್ಷ 10ನೆಯ ಕೃತಿಯಾಗಿ ಮತ್ತೆ ಆರನ್ನೂ ಪಿಯಾನೊಗೆ ತಂದರು. ಲಿಸ್ಟ್ 1838ರಲ್ಲಿ ಪಗನೀನಿ ಎಟ್ಯೂಡ್‌ಗಳ ಮೊದಲ ರೂಪವನ್ನು ಮುಗಿಸಿ, 1851ರಲ್ಲಿ ಅದನ್ನು ಹಗುರಗೊಳಿಸಿದರು. ಎರಡನ್ನೂ ಶೂಮನ್‌ರ ಮಡದಿ, ಪಿಯಾನೊ ವಾದಕಿ ಕ್ಲಾರಾ ಶೂಮನ್ ಅವರಿಗೆ ಅರ್ಪಿಸಿದ್ದಾರೆ. ಅದರಲ್ಲಿರುವ ಆರು ಎಟ್ಯೂಡ್‌ಗಳಲ್ಲಿ ಐದು ಈ ಕ್ಯಾಪ್ರೀಸ್‌ಗಳಿಂದಲೇ ಬಂದವು. ಎಲ್ಲಕ್ಕಿಂತ ಹೆಚ್ಚು ಜನಪ್ರಿಯವಾದ ‘ಲಾ ಕಂಪನೆಲ್ಲಾ’ ಮಾತ್ರ ಪಗನೀನಿಯವರ ಎರಡನೆಯ ಪಿಟೀಲು ಕಂಚೆರ್ಟೊದ ಕೊನೆಯ ಭಾಗದಿಂದ ಬಂದದ್ದು.

ಕೇಳುವ ಕ್ರಮ ಹೀಗಿರಲಿ. ಮೊದಲು ಒಂಬತ್ತನೆಯ ಕ್ಯಾಪ್ರೀಸ್, ಆಮೇಲೆ ಶೂಮನ್‌ರ 3ನೆಯ ಕೃತಿಯ ಎರಡನೆಯ ಎಟ್ಯೂಡ್, ಆಮೇಲೆ ಲಿಸ್ಟ್‌ರ ಐದನೆಯದು. ಪಿಯಾನೊಗೆ ಕೊಳಲಿನ, ಕೊಂಬಿನ ನಾದವಿಲ್ಲ; ಆದರೂ ಲಿಸ್ಟ್ ಆ ಸೂಚನೆಗಳನ್ನು ಉಳಿಸಿಕೊಂಡಿದ್ದಾರೆ. ಬಣ್ಣವನ್ನು ಸ್ಥಾಯಿಯ ಎತ್ತರ–ತಗ್ಗುಗಳಿಂದ ಮತ್ತು ಒತ್ತಿನ ಹದದಿಂದ ಮಾತ್ರ ಹೇಗೆ ತರುತ್ತಾರೆಂಬುದನ್ನು ಗಮನಿಸಿ. ಎರಡನೆಯ ಜೋಡಿಗೆ ಆರನೆಯ ಕ್ಯಾಪ್ರೀಸನ್ನು ಶೂಮನ್‌ರ 10ನೆಯ ಕೃತಿಯ ಎರಡನೆಯ ಎಟ್ಯೂಡಿನೊಡನೆ ಮತ್ತು ಲಿಸ್ಟ್‌ರ ಮೊದಲನೆಯದರೊಡನೆ ಇಟ್ಟು ಕೇಳಿ. ಲಿಸ್ಟ್ ಇಲ್ಲಿ ಐದನೆಯ ಕ್ಯಾಪ್ರೀಸಿನ ಏರಿಳಿತಗಳನ್ನು ಮೊದಲಿಗೂ ಕೊನೆಗೂ ಚೌಕಟ್ಟಿನಂತೆ ಇಟ್ಟಿದ್ದಾರೆ. ಮೂರನೆಯ ಜೋಡಿ ಮೊದಲ ಕ್ಯಾಪ್ರೀಸ್ ಮತ್ತು ಲಿಸ್ಟ್‌ರ ನಾಲ್ಕನೆಯದು. 1851ರ ರೂಪದಲ್ಲಿ ಇದನ್ನು ಎರಡು ಕೈಗಳಿಗೂ ಸೇರಿಸಿ, ಪಿಟೀಲಿನ ಲಿಪಿಯ ಹಾಗೆ, ಒಂದೇ ಐಗೆರೆಯ (ಸ್ವರ ಬರೆಯುವ ಐದು ಗೆರೆಗಳ ಸಾಲಿನ) ಮೇಲೆ ಬರೆದಿದ್ದಾರೆ. ಸ್ವರಲಿಪಿಯ ಎರಡೂ ಪುಟಗಳನ್ನು ಅಕ್ಕಪಕ್ಕ ಇಟ್ಟು ನೋಡಿ; ಇಷ್ಟು ವಿನಯದಿಂದ ಲಿಸ್ಟ್ ಬೇರೆಲ್ಲೂ ಬರೆದಿದ್ದಾರೆಂದು ನನಗನ್ನಿಸುವುದಿಲ್ಲ.

ಐದನೆಯ ಹೆಜ್ಜೆ: ಬ್ರಾಮ್ಸ್ ಅವರಲ್ಲಿ ಧಾಟಿಯನ್ನು ಬಿಟ್ಟು ಆಧಾರವನ್ನು ಹಿಡಿಯಿರಿ

ಬ್ರಾಮ್ಸ್ 1862–63ರಲ್ಲಿ ರಚಿಸಿದ 35ನೆಯ ಕೃತಿಯಲ್ಲಿ 24ನೆಯ ಕ್ಯಾಪ್ರೀಸಿನ ಮೂಲಧಾಟಿಯ ಮೇಲೆ ತಲಾ 14 ರೂಪಾಂತರಗಳ ಎರಡು ಪುಸ್ತಕಗಳಿವೆ. ಕ್ಲಾರಾ ಶೂಮನ್ ಇವನ್ನು ಮಾಟಗಾತಿಯ ರೂಪಾಂತರಗಳೆಂದು ಕರೆದರು. ಇಲ್ಲಿ ಹೊಸ ಕೇಳುಗರು ದಾರಿ ತಪ್ಪುವುದು ಸಹಜ, ಏಕೆಂದರೆ ಮೂಲಧಾಟಿ ಒಮ್ಮೆ ಮೊಳಗಿದ ಮೇಲೆ ಬಹುತೇಕ ಮಾಯವಾಗುತ್ತದೆ. ನೀವು ಹಿಂದೆ ಊಹಿಸಿಕೊಂಡ ಆಧಾರದ ಸಾಲು ಈಗ ಕೆಲಸಕ್ಕೆ ಬರುತ್ತದೆ. ಮೇಲಿನ ಸ್ವರಗಳ ಗದ್ದಲವನ್ನು ಬಿಟ್ಟು ಮಂದ್ರವನ್ನೇ ಹಿಂಬಾಲಿಸಿದರೆ ಷಡ್ಜ, ಪಂಚಮ, ಷಡ್ಜ, ಪಂಚಮ ಎಂಬ ಅದೇ ನಡೆ, ಎರಡನೆಯ ಭಾಗದ ಅದೇ ಹೊರಳು ಪ್ರತಿಯೊಂದರಲ್ಲೂ ಸಿಗುತ್ತದೆ. ಮೊದಲ ಪುಸ್ತಕದ 11 ಮತ್ತು 12, ಎರಡನೆಯ ಪುಸ್ತಕದ 4ನೆಯದಾದ ವಾಲ್ಟ್ಸ್ (ಮೂರೆಣಿಕೆಯ ಕುಣಿತ) ಎ ಮೇಜರಿನಲ್ಲಿವೆ. ಎರಡನೆಯ ಪುಸ್ತಕದ 12ನೆಯದು ಎಫ್ ಮೇಜರಿಗೆ ಹೋಗುತ್ತದೆ. ಈ ನಾಲ್ಕನ್ನು ಮೊದಲು ಬಿಡಿಯಾಗಿ ಕೇಳಿ, ಪರಿಚಯವಾದ ಮೇಲೆ ಇಡೀ ಕೃತಿಗೆ ಹೋಗಿ. ಪಿಟೀಲಿನ ಯಾವ ಗುರುತೂ ಉಳಿಯದಿದ್ದರೂ ಪಗನೀನಿಯವರ ಪ್ರಭಾವ ಬ್ರಾಮ್ಸ್ ಅವರಲ್ಲೇ ಹೆಚ್ಚು ಆಳವಾಗಿದೆ ಎಂಬುದು ನನ್ನ ಅಭಿಪ್ರಾಯ.

ಆರನೆಯ ಹೆಜ್ಜೆ: ರಾಖ್ಮಾನಿನಾಫ್, ಲುಟೊಸ್ಲಾವ್ಸ್ಕಿ

ರಾಖ್ಮಾನಿನಾಫ್ 1934ರ ಬೇಸಿಗೆಯಲ್ಲಿ ಸ್ವಿಟ್ಜರ್ಲೆಂಡಿನ ತಮ್ಮ ಮನೆಯಲ್ಲಿ, ಪಿಯಾನೊ ಮತ್ತು ಆರ್ಕೆಸ್ಟ್ರಾಗಾಗಿ ಇದೇ ಧಾಟಿಯ ಮೇಲೆ 24 ರೂಪಾಂತರಗಳ ರ‍್ಯಾಪ್ಸೊಡಿಯನ್ನು ಬರೆದರು. ಅದೇ ನವೆಂಬರ್ 7ರಂದು ಬಾಲ್ಟಿಮೋರಿನಲ್ಲಿ ಸ್ಟೊಕೊವ್ಸ್ಕಿಯವರ ನಿರ್ದೇಶನದಲ್ಲಿ ಮೊದಲ ಪ್ರದರ್ಶನ ನಡೆಯಿತು. ಡಿಸೆಂಬರಿನಲ್ಲಿ ಅವರಿಬ್ಬರೇ ಮಾಡಿದ ಧ್ವನಿಮುದ್ರಿಕೆ ಇಂದಿಗೂ ಸಿಗುತ್ತದೆ, ಅದರಿಂದಲೇ ಆರಂಭಿಸಿ.

ಇಲ್ಲಿ ಮೊದಲ ರೂಪಾಂತರ ಮೂಲಧಾಟಿಗಿಂತ ಮುಂಚೆಯೇ ಬರುತ್ತದೆ: ಅಸ್ಥಿಪಂಜರದ ಸ್ವರಗಳು ಮಾತ್ರ. ಆಮೇಲೆ ಪೂರ್ಣ ಧಾಟಿಯನ್ನು ನುಡಿಸುವವರು ಆರ್ಕೆಸ್ಟ್ರಾದ ಪಿಟೀಲುಗಾರರು. ಪಿಯಾನೊ ಬಿಡಿ ಸ್ವರಗಳನ್ನಷ್ಟೇ ಚುಕ್ಕಿಯಿಟ್ಟಂತೆ ಸೇರಿಸುತ್ತದೆ. ಏಳನೆಯದರಲ್ಲಿ ಗತಿ ತಗ್ಗಿದಾಗ ಪಿಯಾನೊದಲ್ಲಿ ಕೇಳುವ ಗಂಭೀರ ಧಾಟಿಯು ಸತ್ತವರಿಗಾಗಿ ಹಾಡುವ ಮಧ್ಯಯುಗದ ಲ್ಯಾಟಿನ್ ಸ್ತೋತ್ರ ‘ದೀಯೆಸ್ ಈರೆ’ಯದು, ಅದು 10ರಲ್ಲೂ ಕೊನೆಯ 24ರಲ್ಲೂ ಮರಳುತ್ತದೆ. ಹೆಸರಾದ 18ನೆಯದನ್ನು ಪ್ರೇಮಗೀತೆಯೆಂದು ಮಾತ್ರ ಕೇಳಿದವರು ಒಮ್ಮೆ ಮೂಲಧಾಟಿಯ ‘ಸಗರಿಸ’ವನ್ನು ಹಾಡಿಕೊಂಡು ಅದನ್ನು ಮತ್ತೆ ಕೇಳಬೇಕು. ಮೂಲದಲ್ಲಿ ಮೇಲಕ್ಕೆ ಹಾರಿ ಮೆಟ್ಟಿಲಿಳಿದ ಸ್ವರಗಳು ಇಲ್ಲಿ ಕೆಳಕ್ಕೆ ಹಾರಿ ಮೆಟ್ಟಿಲೇರುತ್ತವೆ, ಮೈನರ್ ಮೇಜರ್ ಆಗುತ್ತದೆ. ಧಾಟಿಯನ್ನು ತಲೆಕೆಳಗು ಮಾಡುವ ಲೆಕ್ಕಾಚಾರದಿಂದ ಇಂಥ ಮಾಧುರ್ಯ ಹುಟ್ಟಬಲ್ಲದೆಂಬುದು ಪ್ರತಿ ಸಲವೂ ನನ್ನನ್ನು ತಡೆದು ನಿಲ್ಲಿಸುತ್ತದೆ. (ಕನ್ನಡಿಗರಿಗೆ ಈ ವಲಯದೊಡನೆ ಒಂದು ನಿಜವಾದ ನಂಟಿದೆ: ರಾಖ್ಮಾನಿನಾಫ್ ಅವರ ಆಪ್ತರಾಗಿದ್ದ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ಲಂಡನ್ನಿನಲ್ಲಿ ಧ್ವನಿಮುದ್ರಿಸಲು ಹಣಕಾಸಿನ ನೆರವು ಕೊಟ್ಟವರು ಮೈಸೂರಿನ ಜಯಚಾಮರಾಜ ಒಡೆಯರ್. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಂಚೆರ್ಟೊವನ್ನು ಅವರಿಗೆ ಅರ್ಪಿಸಿದ್ದಾರೆ.)

ಇದೇ ಧಾಟಿಯ ಮೇಲೆ ಲುಟೊಸ್ಲಾವ್ಸ್ಕಿಯವರು ಎರಡು ಪಿಯಾನೊಗಳಿಗೆ ಬರೆದ ರೂಪಾಂತರಗಳ ಕೃತಿ ಆರು ನಿಮಿಷಕ್ಕಿಂತ ಹೆಚ್ಚಿನದಲ್ಲ. ನಾಜಿಗಳ ವಶದಲ್ಲಿದ್ದ ವಾರ್ಸಾದ ಕಾಫಿಗೃಹಗಳಲ್ಲಿ ಪಾನುಫ್ನಿಕ್ ಅವರೊಡನೆ ಜೋಡಿ ಪಿಯಾನೊ ನುಡಿಸುತ್ತಿದ್ದಾಗ, 1941ರಲ್ಲಿ, ಅವರು ಇದನ್ನು ರಚಿಸಿದರು. ಪಗನೀನಿಯವರ 11 ರೂಪಾಂತರಗಳ ಕ್ರಮವನ್ನೇ ಇದು ನಿಕಟವಾಗಿ ಅನುಸರಿಸುವುದರಿಂದ, ನೀವು ಮೂಲವನ್ನು ಎಣಿಸಿದಂತೆಯೇ ಇದನ್ನೂ ಎಣಿಸುತ್ತಾ ಹೋಗಬಹುದು. ಹಾರ್ಮನಿ ಮಾತ್ರ ಸಂಪೂರ್ಣವಾಗಿ 20ನೆಯ ಶತಮಾನದ್ದು.

ಏಳನೆಯ ಹೆಜ್ಜೆ: ಪಿಟೀಲಿಗೆ ಮರಳಿ

ಇಷ್ಟು ಸುತ್ತಿದ ಮೇಲೆ ಪಿಟೀಲಿಗಾಗಿಯೇ ಬರೆದ ನಂತರದ ಕೃತಿಗಳನ್ನು ಕೇಳಿ. ಶಿಮಾನೊವ್ಸ್ಕಿ 1918ರಲ್ಲಿ 20, 21 ಮತ್ತು 24ನೆಯ ಕ್ಯಾಪ್ರೀಸ್‌ಗಳನ್ನು ಪಿಟೀಲು ಮತ್ತು ಪಿಯಾನೊಗೆ ಹೊಸದಾಗಿ ಕಟ್ಟಿದರು. ಇಪ್ಪತ್ತನೆಯದರ ತಿತ್ತಿವಾದ್ಯದ ಶ್ರುತಿಯ ಸುತ್ತ ಪಿಯಾನೊ ಹರಡುವ ಮಂಜಿನಂಥ ಹಾರ್ಮನಿ ಗಮನಾರ್ಹ. ಸಾಲ್ವತೊರೆ ಶಾರೀನೊ 1976ರಲ್ಲಿ ಮುಗಿಸಿದ ಆರು ಕ್ಯಾಪ್ರೀಸ್‌ಗಳಲ್ಲಿ ಪಗನೀನಿಯವರ ಚಲನೆಗಳು ಉಳಿದು ಪೂರ್ಣ ನಾದವೇ ಮಾಯವಾಗಿದೆ. ಬೆರಳು ತಂತಿಯನ್ನು ಒತ್ತದೆ ಮುಟ್ಟಿದಾಗ ಬರುವ ಹಾರ್ಮಾನಿಕ್ ಸ್ವರಗಳ ಮೇಲೆಯೇ ಅವು ನಿಂತಿವೆ.

ಹೆಚ್ಚಿನ ಸಮಯವನ್ನು ಬೆಲ್ಜಿಯಮಿನ ಯುಜೀನ್ ಇಜಾಯಿ ಅವರಿಗೆ ಕೊಡಿ. ಸಿಗೆಟಿಯವರು ನುಡಿಸಿದ ಬಾಖ್ ಕೇಳಿದ ಪ್ರೇರಣೆಯಿಂದ 1923ರಲ್ಲಿ ಅವರು ರಚಿಸಿದ ಆರು ಒಂಟಿ ಪಿಟೀಲು ಸೊನಾಟಗಳು ತಲಾ ಒಬ್ಬ ಸಮಕಾಲೀನ ವಾದಕರಿಗೆ ಅರ್ಪಿತವಾಗಿವೆ. ಎರಡನೆಯ ಸೊನಾಟ ಬಾಖ್ ಅವರ ಇ ಮೇಜರ್ ಪಾರ್ಟಿಟಾದ ಸಾಲುಗಳಿಂದ ಆರಂಭವಾಗಿ, ನಾಲ್ಕೂ ಭಾಗಗಳಲ್ಲಿ ‘ದೀಯೆಸ್ ಈರೆ’ಯನ್ನು ಹೆಣೆಯುತ್ತದೆ. ರಾಖ್ಮಾನಿನಾಫ್ ಅವರಿಗಿಂತ 11 ವರ್ಷ ಮೊದಲೇ ಆ ಸ್ತೋತ್ರ ಪಿಟೀಲಿನ ನಾಲ್ಕು ತಂತಿಗಳ ಮೇಲೆ ಹೀಗೆ ಕಾಣಿಸಿಕೊಂಡದ್ದನ್ನು ಕೇಳಿದ ಮೇಲೆ, ರ‍್ಯಾಪ್ಸೊಡಿಯ ಏಳನೆಯ ರೂಪಾಂತರವನ್ನು ಇನ್ನೊಮ್ಮೆ ಹಾಕಿ ಎರಡನ್ನೂ ಹೋಲಿಸಿ. ನಂತರ ಎನೆಸ್ಕು ಅವರಿಗೆ ಅರ್ಪಿಸಿದ, ಒಂದೇ ಭಾಗದ ಮೂರನೆಯ ಸೊನಾಟವನ್ನು ಕೇಳಿ. ಸ್ಪೇನಿನ ಕಿರೋಗಾ ಅವರಿಗೆ ಬರೆದ ಆರನೆಯದನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿ, ಏಕೆಂದರೆ ಅದರ ನಡುವೆ ಬರುವ ಹಬನೇರಾ ಕುಣಿತದ ಲಯದ ಮೇಲೆ ಇಜಾಯಿ ಪೇರಿಸುವ ಜೋಡಿ ಸ್ವರಗಳನ್ನು ಬಿಡಿಬಿಡಿಯಾಗಿ ಹಿಡಿಯಲು ಕಿವಿ ಆ ಹೊತ್ತಿಗೆ ಸಿದ್ಧವಾಗಿರುತ್ತದೆ.